ಯಾವ ಗಡಿಯಾರ ಎನ್ನುವ ಮೊದಲು ಯಾವ ವ್ಯಾಯಾಮ ಎಂದು ಕೇಳಿ

ಮಾನ್ಯ ಸಂಪಾದಕರೇ,

ವ್ಯಾಯಾಮದ ವೇಳೆ ಹೃದಯ ಬಡಿತ ತೋರಿಸುವ ಕೈಗಡಿಯಾರಗಳ ಬಗ್ಗೆ ತಮ್ಮ ಪತ್ರಿಕೆಯಲ್ಲಿ ಪ್ರಕಟವಾಗುತ್ತಿರುವ ಓದುಗರ ಅನುಭವಗಳನ್ನು ಆಸಕ್ತಿಯಿಂದ ಓದುತ್ತಿದ್ದೇನೆ. ಒಬ್ಬರು ತಮ್ಮ ಗಡಿಯಾರ ಆಸ್ಪತ್ರೆಯ ಯಂತ್ರದಷ್ಟೇ ನಿಖರವೆಂದು ಮೆಚ್ಚಿ ಬರೆದರೆ, ಅದೇ ಮಾದರಿಯನ್ನು ಕಟ್ಟಿಕೊಂಡ ಮತ್ತೊಬ್ಬರು ಅದನ್ನು ಕೊಂಡಿದ್ದೇ ದಂಡವೆಂದು ದೂರುತ್ತಾರೆ. ಇಬ್ಬರೂ ನಿಜವನ್ನೇ ಹೇಳುತ್ತಿದ್ದಾರೆಂದು ನನ್ನ ಅನಿಸಿಕೆ. ಗಡಿಯಾರ ಕಟ್ಟಿಕೊಂಡು ತಾವು ಮಾಡುತ್ತಿದ್ದುದು ನಡಿಗೆಯೋ, ಓಟವೋ, ಭಾರ ಎತ್ತುವುದೋ ಎಂಬುದನ್ನು ಮಾತ್ರ ಇಬ್ಬರೂ ಬರೆದಿಲ್ಲ. ಇಡೀ ಭಿನ್ನಾಭಿಪ್ರಾಯ ನಿಂತಿರುವುದು ಆ ಒಂದು ವಿವರದ ಮೇಲೆ ಎಂಬುದನ್ನು ತಿಳಿಸಲು ಈ ಪತ್ರ.

ಮಣಿಕಟ್ಟಿನ ಗಡಿಯಾರವು ಹೃದಯವನ್ನು ನೇರವಾಗಿ ಅಳೆಯುವುದಿಲ್ಲ. ಅದರ ಹಿಂಬದಿಯ ಹಸಿರು ಎಲ್‌ಇಡಿ ದೀಪಗಳು ಚರ್ಮದೊಳಕ್ಕೆ ಬೆಳಕು ಹಾಯಿಸುತ್ತವೆ. ರಕ್ತವು ಹಸಿರು ಬೆಳಕನ್ನು ಚೆನ್ನಾಗಿ ಹೀರಿಕೊಳ್ಳುವುದರಿಂದ, ಪ್ರತಿ ಬಡಿತಕ್ಕೂ ಸೂಕ್ಷ್ಮ ರಕ್ತನಾಳಗಳು ತುಂಬಿ ಇಳಿಯುವಾಗ ಮರಳಿ ಬರುವ ಬೆಳಕಿನಲ್ಲಿ ಅತಿ ಸಣ್ಣ ಏರಿಳಿತ ಉಂಟಾಗುತ್ತದೆ. ಆ ಏರಿಳಿತವನ್ನು ಎಣಿಸಿಯೇ ಗಡಿಯಾರ ನಿಮಿಷಕ್ಕೆ ಇಷ್ಟು ಬಡಿತ ಎಂದು ಹೇಳುವುದು. ಕೈ ಬೀಸಿದಾಗ, ಪಟ್ಟಿ ಜಾರಿದಾಗ, ಸ್ನಾಯು ಬಿಗಿದಾಗ ಬೆಳಕಿನಲ್ಲಿ ಆಗುವ ವ್ಯತ್ಯಾಸ ಹೃದಯದಿಂದ ಆಗುವ ವ್ಯತ್ಯಾಸಕ್ಕಿಂತ ಎಷ್ಟೋ ದೊಡ್ಡದಿರುತ್ತದೆ. ಹೀಗಾಗಿ ಚಲನೆಯನ್ನು ಗುರುತಿಸುವ ಇನ್ನೊಂದು ಸೆನ್ಸರ್‌ನ ನೆರವಿನಿಂದ ತಂತ್ರಾಂಶವು ಈ ಬೇಡದ ಏರಿಳಿತದ ಗದ್ದಲವನ್ನು ಸೋಸಿ ತೆಗೆಯಬೇಕಾಗುತ್ತದೆ. ಸುಮ್ಮನೆ ಕುಳಿತಿದ್ದಾಗ ಸೋಸುವ ಕೆಲಸವೇ ಇಲ್ಲವಾದ್ದರಿಂದ, ಸಾಧಾರಣ ಗಡಿಯಾರವೂ ಆಗ ಸರಿಯಾದ ಅಂಕಿಯನ್ನೇ ತೋರಿಸುತ್ತದೆ. ಅಂಗಡಿಯಲ್ಲಿ ನಿಂತು ಪರೀಕ್ಷಿಸಿ ಕೊಂಡವರೆಲ್ಲ ಮೊದಲ ದಿನ ತೃಪ್ತರಾಗಿರುವುದಕ್ಕೆ ಇದೇ ಕಾರಣ.

ಎದೆಗೆ ಕಟ್ಟುವ ಪಟ್ಟಿಯ ಕ್ರಮ ಬೇರೆ. ಅದು ಇಸಿಜಿ ಯಂತ್ರದಂತೆ ಹೃದಯದ ವಿದ್ಯುತ್ ಸಂಕೇತವನ್ನೇ ಹಿಡಿಯುತ್ತದೆ. ಫಿನ್‌ಲೆಂಡಿನ ಪೋಲಾರ್ ಸಂಸ್ಥೆ 1982ರಲ್ಲಿ ಎದೆಪಟ್ಟಿಯಿಂದ ಕೈಗಡಿಯಾರಕ್ಕೆ ತಂತಿಯಿಲ್ಲದೆ ಬಡಿತದ ಅಂಕಿ ಕಳಿಸುವ ಸಾಧನವನ್ನು ಮಾರುಕಟ್ಟೆಗೆ ತಂದಿತು. ಎದೆಪಟ್ಟಿ ಬಿಗಿಯೆನಿಸುತ್ತದೆ, ಒದ್ದೆಯಾಗುತ್ತದೆ, ದಿನವಿಡೀ ಕಟ್ಟಿಕೊಂಡಿರಲಾಗದು ಎಂಬ ಕಾರಣಕ್ಕೆ ಆಮೇಲೆ ಮಣಿಕಟ್ಟಿನ ಬೆಳಕಿನ ಸೆನ್ಸರ್ ಜನಪ್ರಿಯವಾಯಿತೇ ಹೊರತು, ಅದು ಹೆಚ್ಚು ನಿಖರವೆಂಬ ಕಾರಣಕ್ಕಲ್ಲ.

ಓಟಗಾರರ ದೂರುಗಳಲ್ಲಿ ಮತ್ತೆ ಮತ್ತೆ ಕಾಣುವ ಒಂದು ಸಂಗತಿಯನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕು. ನಮ್ಮ ಓಟದ ಗುಂಪಿನ ಗೆಳೆಯರೊಬ್ಬರು ಮಾತನಾಡುತ್ತಲೇ ನಿಧಾನವಾಗಿ ಓಡುತ್ತಿದ್ದರು; ಏದುಸಿರಿಲ್ಲ, ಮುಖದಲ್ಲಿ ಆಯಾಸವಿಲ್ಲ. ಅವರ ಗಡಿಯಾರ ಮಾತ್ರ ಬಡಿತ 170 ದಾಟಿದೆ ಎಂದು ಕೆಂಪು ಬಣ್ಣದಲ್ಲಿ ಎಚ್ಚರಿಸುತ್ತಿತ್ತು. ಪರದೆಯನ್ನು ಒಮ್ಮೆ ಸರಿಸಿ ನೋಡಿದರೆ ಹೆಜ್ಜೆಗಳ ಗತಿಯೂ ನಿಮಿಷಕ್ಕೆ ಹೆಚ್ಚು ಕಡಿಮೆ ಅಷ್ಟೇ ಇತ್ತು. ಅವರು ನಿಂತು, ಗಡಿಯಾರವನ್ನು ಮಣಿಕಟ್ಟಿನ ಮೂಳೆಯಿಂದ ಎರಡು ಬೆರಳಿನಷ್ಟು ಮೇಲಕ್ಕೆ ಸರಿಸಿ, ಪಟ್ಟಿಯನ್ನು ಒಂದು ರಂಧ್ರ ಬಿಗಿಮಾಡಿ ಮತ್ತೆ ಅದೇ ಗತಿಯಲ್ಲಿ ಓಡತೊಡಗಿದಾಗ ಅಂಕಿ 130ರ ಆಸುಪಾಸಿಗೆ ಬಂದು ನಿಂತಿತು. ಗಡಿಯಾರ ಅಲ್ಲಿಯವರೆಗೆ ಎಣಿಸುತ್ತಿದ್ದುದು ಪಾದ ನೆಲಕ್ಕೆ ಬಡಿದಾಗ ಕೈಗೆ ತಲಪುವ ಅದುರನ್ನು, ಹೃದಯವನ್ನಲ್ಲ. ಹೆಚ್ಚಿನ ಓಟಗಾರರ ಹೆಜ್ಜೆಗತಿ ನಿಮಿಷಕ್ಕೆ 150ರಿಂದ 180ರ ನಡುವೆ ಇರುವುದರಿಂದ, ಈ ತಪ್ಪು ಅಂಕಿಯು ಕಠಿಣ ಓಟದ ಬಡಿತದಂತೆಯೇ ಕಾಣುತ್ತದೆ, ಯಾರಿಗೂ ಸಂಶಯ ಬರುವುದಿಲ್ಲ. ಬಡಿತದ ಅಂಕಿಯೂ ಹೆಜ್ಜೆಗತಿಯೂ ಬಹಳ ಹೊತ್ತು ಜೊತೆಜೊತೆಯಾಗಿಯೇ ಸಾಗುತ್ತಿದ್ದರೆ ಕುತ್ತಿಗೆಯ ನಾಡಿಯನ್ನು ಬೆರಳಿನಿಂದ ಹಿಡಿದು ನೋಡುವುದು ಒಳ್ಳೆಯದು.

ಭಾರ ಎತ್ತುವವರ ಅನುಭವ ಇದಕ್ಕೆ ವಿರುದ್ಧ. ಅವರ ಗಡಿಯಾರ ಬಡಿತವನ್ನು ಕಡಿಮೆ ತೋರಿಸುತ್ತದೆ, ಇಲ್ಲವೇ ತಡವಾಗಿ ತೋರಿಸುತ್ತದೆ. ಮುಷ್ಟಿ ಬಿಗಿದಾಗ ಮುಂಗೈಯ ಸ್ನಾಯುಗಳು ಗಟ್ಟಿಯಾಗಿ ಚರ್ಮದ ಕೆಳಗಿನ ರಕ್ತಸಂಚಾರ ಬದಲಾಗುತ್ತದೆ. ದಂಡ ಹೊಡೆಯುವಾಗ ಮಣಿಕಟ್ಟು ಬಾಗಿ ಸೆನ್ಸರ್ ಚರ್ಮದಿಂದ ಎದ್ದು, ಸಂದಿಯಲ್ಲಿ ಹೊರಗಿನ ಬೆಳಕು ನುಸುಳುತ್ತದೆ. ಸೈಕಲ್ಲಿನ ಹಿಡಿಯನ್ನು ಬಿಗಿಯಾಗಿ ಹಿಡಿದವರಿಗೂ ಇದೇ ತೊಂದರೆ. ಚಳಿಯಲ್ಲಿ ಚರ್ಮಕ್ಕೆ ಹರಿಯುವ ರಕ್ತ ಕಡಿಮೆಯಾಗುವುದರಿಂದ ಮೈ ಬಿಸಿಯೇರುವವರೆಗೆ ಅಂಕಿ ಎಲ್ಲೆಲ್ಲೋ ಓಡುತ್ತದೆ. ಮಣಿಕಟ್ಟಿನ ಮೇಲೆ ದಟ್ಟವಾದ ಹಚ್ಚೆಯಿದ್ದರೆ ಅದರ ಶಾಯಿ ಬೆಳಕನ್ನು ತಡೆಯುತ್ತದೆ. ಅಂಥವರು ಗಡಿಯಾರವನ್ನು ಇನ್ನೊಂದು ಕೈಗೆ ಕಟ್ಟಿಕೊಳ್ಳುವುದೇ ಸರಿ.

ಅರ್ಧ ನಿಮಿಷ ಜೋರಾಗಿ ಓಡಿ ಅರ್ಧ ನಿಮಿಷ ನಡೆಯುವ ಬಗೆಯ ವ್ಯಾಯಾಮದಲ್ಲಿ ಮತ್ತೊಂದು ತೊಡಕಿದೆ. ಹೃದಯ ಬಡಿತವೇ ಶ್ರಮಕ್ಕಿಂತ ಸ್ವಲ್ಪ ತಡವಾಗಿ ಏರುತ್ತದೆ. ಅದರ ಮೇಲೆ ಗಡಿಯಾರದ ತಂತ್ರಾಂಶವು ಹಿಂದಿನ ಕೆಲವು ಕ್ಷಣಗಳ ಸರಾಸರಿ ತೆಗೆದು ತೋರಿಸುವುದರಿಂದ, ಅಂಕಿ ಮೇಲಕ್ಕೆ ಬರುವ ಹೊತ್ತಿಗೆ ನಾವು ನಡೆಯತೊಡಗಿರುತ್ತೇವೆ. ಇಂಥ ವ್ಯಾಯಾಮಕ್ಕೆ ಎದೆಪಟ್ಟಿಯೇ ಬೇಕು ಎಂದು ನಾನು ಧೈರ್ಯವಾಗಿ ಹೇಳಬಲ್ಲೆ. ಎದೆಪಟ್ಟಿಯೂ ದೋಷಮುಕ್ತವೇನಲ್ಲ. ಒಣ ಚರ್ಮದ ಮೇಲೆ ಕಟ್ಟಿದರೆ ಬೆವರು ಬರುವವರೆಗೆ ಅದು ಮನಬಂದಂತೆ ಹೇಳುತ್ತದೆ, ಒಣ ಹವೆಯಲ್ಲಿ ಕೃತಕ ನೂಲಿನ ಅಂಗಿ ಉಜ್ಜಿದಾಗ ಹುಟ್ಟುವ ವಿದ್ಯುತ್ತಿನಿಂದ ಬಡಿತ ಒಮ್ಮೆಲೇ 200 ದಾಟಿದ್ದೂ ಉಂಟು. ಕಟ್ಟುವ ಮುನ್ನ, ಚರ್ಮಕ್ಕೆ ತಾಗಿ ಸಂಕೇತ ಹಿಡಿಯುವ ಎಲೆಕ್ಟ್ರೋಡ್ ಭಾಗವನ್ನು ನೀರಿನಿಂದ ಒದ್ದೆ ಮಾಡಿ, ಬಿಚ್ಚಿದ ಮೇಲೆ ಬೆವರಿನ ಉಪ್ಪು ಹೋಗುವಂತೆ ತೊಳೆದಿಟ್ಟರೆ ಈ ತಾಪತ್ರಯಗಳು ಬಹುಮಟ್ಟಿಗೆ ತಪ್ಪುತ್ತವೆ. ಎದೆಪಟ್ಟಿ ಬೇಡವೆನ್ನುವವರಿಗೆ ತೋಳಿಗೆ ಕಟ್ಟುವ ಬೆಳಕಿನ ಸೆನ್ಸರ್‌ಗಳಿವೆ. ಮಾಂಸಲವಾದ ಆ ಜಾಗದಲ್ಲಿ ಅವು ಮಣಿಕಟ್ಟಿನಲ್ಲಿರುವಷ್ಟು ಅಲುಗುವುದಿಲ್ಲ.

ನನ್ನ ಮುಖ್ಯ ತಕರಾರು ತಯಾರಕರ ಮೇಲಿದೆ. ಸಂಕೇತ ಸ್ಪಷ್ಟವಾಗಿ ಸಿಕ್ಕಾಗಲೂ, ಗದ್ದಲದ ನಡುವೆ ಊಹಿಸಿದಾಗಲೂ ಗಡಿಯಾರ ಒಂದೇ ಗಾತ್ರದ, ಒಂದೇ ಬಣ್ಣದ ಅಂಕಿಯನ್ನು ಪರದೆಯ ಮೇಲೆ ಇಡುತ್ತದೆ. ತನಗೆ ಖಚಿತವಿಲ್ಲವೆಂದು ಅದು ಬಾಯಿಬಿಡುವುದು ಬಹಳ ಅಪರೂಪ. ಸಂಕೇತ ಎಷ್ಟು ಚೆನ್ನಾಗಿದೆ ಎಂಬ ಲೆಕ್ಕ ತಂತ್ರಾಂಶಕ್ಕೆ ಹೇಗೂ ಬೇಕಾಗುವುದರಿಂದ, ಆ ಲೆಕ್ಕವನ್ನು ಬಳಕೆದಾರರಿಗೂ ತೋರಿಸುವುದು ಕಷ್ಟದ ಕೆಲಸವೇನೂ ಅಲ್ಲ. ಅಂಕಿಯನ್ನು ಮಸುಕುಗೊಳಿಸಿದರೂ ಸಾಕು, ಎರಡು ಗೆರೆ ಎಳೆದು ಖಾಲಿ ಬಿಟ್ಟರೂ ಸಾಕು. ಖಾಲಿ ಪರದೆ ಕಂಡರೆ ಗಿರಾಕಿ ಗಡಿಯಾರ ಕೆಟ್ಟಿದೆಯೆಂದು ಹಿಂದಿರುಗಿಸಿಯಾನು ಎಂಬ ಅಂಜಿಕೆ ಇದರ ಹಿಂದಿರಬಹುದೆಂದು ನನ್ನ ಗುಮಾನಿ. ಅದೇನೇ ಇರಲಿ, ತೋರಿಕೆಗೆ ಅಚ್ಚುಕಟ್ಟಾಗಿರುವ ತಪ್ಪು ಅಂಕಿಗಿಂತ ಖಾಲಿ ಪರದೆ ಮೇಲು. ಹೃದ್ರೋಗದಿಂದ ಚೇತರಿಸಿಕೊಂಡು, ಇಷ್ಟು ಬಡಿತ ಮೀರಬೇಡಿ ಎಂದು ವೈದ್ಯರಿಂದ ಹೇಳಿಸಿಕೊಂಡವರು ಕೂಡ ಈ ಅಂಕಿಯನ್ನು ನೋಡಿಯೇ ಹೆಜ್ಜೆಯ ವೇಗ ತೀರ್ಮಾನಿಸುತ್ತಾರೆ.

ಗಡಿಯಾರಗಳು ಬಣ್ಣಬಣ್ಣದ ಪಟ್ಟಿಗಳಲ್ಲಿ ತೋರಿಸುವ ಬಡಿತದ ವಲಯಗಳ, ಅಂದರೆ ಹಗುರದಿಂದ ಕಠಿಣದವರೆಗಿನ ಶ್ರಮದ ಹಂತಗಳ ಬಗ್ಗೆಯೂ ಒಂದು ಮಾತು. ಅನೇಕ ಗಡಿಯಾರಗಳು 220ರಿಂದ ವಯಸ್ಸನ್ನು ಕಳೆದು ಗರಿಷ್ಠ ಬಡಿತವನ್ನು ಊಹಿಸಿಕೊಂಡು ಈ ವಲಯಗಳನ್ನು ಹಂಚುತ್ತವೆ. 2001ರಲ್ಲಿ ಪ್ರಕಟವಾದ ಇನ್ನೊಂದು ಸೂತ್ರದ ಪ್ರಕಾರ ವಯಸ್ಸಿನ ಹತ್ತರಲ್ಲಿ ಏಳು ಪಾಲನ್ನು 208ರಿಂದ ಕಳೆಯಬೇಕು. ಅರುವತ್ತು ವರ್ಷದವರಿಗೆ ಮೊದಲ ಸೂತ್ರ 160 ಎನ್ನುತ್ತದೆ, ಎರಡನೆಯದು 166. ಎರಡೂ ಸರಾಸರಿಗಳೇ, ಒಂದೇ ವಯಸ್ಸಿನ ಆರೋಗ್ಯವಂತರ ನಡುವೆಯೇ ಹತ್ತು ಹನ್ನೆರಡು ಬಡಿತಗಳ ಹೆಚ್ಚು ಕಡಿಮೆ ತೀರಾ ಸಾಮಾನ್ಯ. ರಕ್ತದೊತ್ತಡಕ್ಕಾಗಿಯೋ ಹೃದಯದ ತೊಂದರೆಗಾಗಿಯೋ ಬೀಟಾ ಬ್ಲಾಕರ್ ಮಾತ್ರೆ ನುಂಗುವವರ ಬಡಿತವನ್ನು ಆ ಮಾತ್ರೆಯೇ ತಗ್ಗಿಸಿರುವುದರಿಂದ, ಈ ವಲಯಗಳು ಅವರಿಗೆ ಅನ್ವಯಿಸುವುದೇ ಇಲ್ಲ. ಅವರು ಗಡಿಯಾರದ ಒತ್ತಾಯಕ್ಕೆ ಮಣಿದು ಮೇಲಿನ ವಲಯ ತಲಪಲು ಹೆಣಗುವುದು ಅಪಾಯಕಾರಿ. ಓಡುತ್ತಾ ಪೂರ್ಣ ವಾಕ್ಯ ಆಡಲು ಸಾಧ್ಯವೇ ಎಂದು ನೋಡುವ ಹಳೆಯ ಪರೀಕ್ಷೆಗೆ ಬ್ಯಾಟರಿ ಬೇಕಿಲ್ಲ, ಮಾತ್ರೆಯಿಂದ ಅದು ದಾರಿ ತಪ್ಪುವುದೂ ಕಡಿಮೆ.

ಕ್ಯಾಲೊರಿ ಲೆಕ್ಕದ ಬಗ್ಗೆ ಹೆಚ್ಚು ಬರೆಯಬೇಕಾದ ಅಗತ್ಯವಿಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 60 ಮಂದಿಗೆ ಏಳು ಬಗೆಯ ಸಾಧನಗಳನ್ನು ಕಟ್ಟಿ ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಆರು ಸಾಧನಗಳು ಹೃದಯ ಬಡಿತವನ್ನು ಶೇ 5ಕ್ಕಿಂತ ಕಡಿಮೆ ತಪ್ಪಿನೊಂದಿಗೆ ಅಳೆದಿದ್ದವು. ಖರ್ಚಾದ ಕ್ಯಾಲೊರಿಯ ವಿಷಯದಲ್ಲಿ ಎಲ್ಲಕ್ಕಿಂತ ಉತ್ತಮವಾದದ್ದೂ ಸರಾಸರಿ ಶೇ 27ರಷ್ಟು ತಪ್ಪಿತ್ತು, ಅತಿ ಕಳಪೆಯದು ಶೇ 93. ಆ ಅಂಕಿಯನ್ನು ನೆಚ್ಚಿಕೊಂಡು ಊಟದ ಪ್ರಮಾಣ ನಿರ್ಧರಿಸುವುದು ಬೇಡ.

ಇಷ್ಟೆಲ್ಲ ಬರೆದ ಮಾತ್ರಕ್ಕೆ ಗಡಿಯಾರಗಳನ್ನು ನಾನು ತಳ್ಳಿಹಾಕುತ್ತಿಲ್ಲ. ಬೆಳಗ್ಗೆ ಎದ್ದೊಡನೆ ತೋರಿಸುವ ವಿಶ್ರಾಂತಿಯ ಬಡಿತವನ್ನು ವಾರಗಟ್ಟಲೆ ಗಮನಿಸಿದರೆ ದೇಹದ ಸ್ಥಿತಿ ಚೆನ್ನಾಗಿ ತಿಳಿಯುತ್ತದೆ; ನಿದ್ದೆಗೆಟ್ಟಾಗ, ಜ್ವರ ಬರುವ ಮುನ್ನ, ವ್ಯಾಯಾಮ ಅತಿಯಾದಾಗ ಅದು ಏರಿರುತ್ತದೆ. ನಾಡಿಯ ಅನಿಯಮಿತತೆಯನ್ನು ಗುರುತಿಸುವ ಸೌಲಭ್ಯದ ಕುರಿತು ಆಪಲ್ ಗಡಿಯಾರ ಕಟ್ಟಿಕೊಂಡ 4 ಲಕ್ಷ 19 ಸಾವಿರಕ್ಕೂ ಹೆಚ್ಚು ಮಂದಿಯ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನವನ್ನು ಉತ್ಸಾಹದಿಂದ ಉಲ್ಲೇಖಿಸುವವರಿದ್ದಾರೆ. ಆ ಪರಿಶೀಲನೆ ನಡೆಯುವುದು ಕೈ ನಿಶ್ಚಲವಾಗಿರುವಾಗ ಎಂಬುದನ್ನು ಅವರು ಮರೆಯುತ್ತಾರೆ. ಅಲ್ಲಿ ಸಿಕ್ಕ ಯಶಸ್ಸನ್ನು ಓಟದ ನಡುವಿನ ಅಂಕಿಗೂ ಹಚ್ಚಿ ಜಾಹೀರಾತು ಕೊಡುವುದು ನ್ಯಾಯವಲ್ಲ.

ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿ ಇಷ್ಟು. ಓದುಗರ ಅನುಭವ ಪ್ರಕಟಿಸುವಾಗ ಅವರು ಮಾಡುತ್ತಿದ್ದ ವ್ಯಾಯಾಮ ಯಾವುದು, ಗಡಿಯಾರವನ್ನು ಮಣಿಕಟ್ಟಿನ ಯಾವ ಭಾಗದಲ್ಲಿ ಎಷ್ಟು ಬಿಗಿಯಾಗಿ ಕಟ್ಟಿದ್ದರು, ಅಂಕಿಯನ್ನು ಯಾವುದರೊಂದಿಗೆ ಹೋಲಿಸಿ ನೋಡಿದರು ಎಂಬುದನ್ನು ಕೇಳಿ ಸೇರಿಸಿರಿ. ತಮ್ಮ ಬರಹಗಾರರು ಹೊಸ ಗಡಿಯಾರದ ವಿಮರ್ಶೆ ಬರೆಯುವಾಗಲೂ ಅದನ್ನು ಎದೆಪಟ್ಟಿಯ ಜೊತೆಯಲ್ಲೇ ಕಟ್ಟಿಕೊಂಡು ನಡಿಗೆ, ಓಟ, ಸೈಕಲ್ ಸವಾರಿ, ಭಾರ ಎತ್ತುವಿಕೆ ಎಂದು ಬೇರೆ ಬೇರೆಯಾಗಿ ನೋಡಲಿ, ಅಂಕಿಗಳು ಎಲ್ಲಿ ಬೇರ್ಪಟ್ಟವೆಂದು ಬರೆಯಲಿ. ಪರದೆಯ ಹೊಳಪು ಮತ್ತು ಪಟ್ಟಿಯ ಬಣ್ಣಕ್ಕೆ ಈಗ ಮೀಸಲಾಗುತ್ತಿರುವ ಜಾಗದಲ್ಲಿ ಅರ್ಧದಷ್ಟನ್ನು ಇದಕ್ಕೆ ಕೊಟ್ಟರೆ ಸಾಕಾಗುತ್ತದೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಓದುಗ