ಹಾವು ಕಡಿದವರ ಮೂತ್ರವನ್ನೂ ಅಳೆಯಿರಿ

ಮಾನ್ಯ ಸಂಪಾದಕರೇ,

ರಾಜ್ಯ ಸರ್ಕಾರವು 2024ರಲ್ಲಿ ಹಾವು ಕಡಿತವನ್ನು ಅಧಿಸೂಚಿತ ಕಾಯಿಲೆಯೆಂದು (ಪ್ರತಿ ಪ್ರಕರಣವನ್ನೂ ಸರ್ಕಾರಕ್ಕೆ ವರದಿ ಮಾಡಲೇಬೇಕಾದ ಕಾಯಿಲೆ) ಘೋಷಿಸಿದ್ದು ಸ್ವಾಗತಾರ್ಹ. ಆದರೆ ಪ್ರತಿವಿಷ ಕೊಟ್ಟು, ವಿಷದಿಂದಾಗಿ ಹೆಪ್ಪುಗಟ್ಟದಂತಾಗಿದ್ದ ರಕ್ತ ಮತ್ತೆ ಹೆಪ್ಪುಗಟ್ಟತೊಡಗಿದೊಡನೆ ಗಂಡಾಂತರ ಕಳೆಯಿತೆಂದು ಭಾವಿಸುವುದು ಸರಿಯಲ್ಲ. ಕೊಳಕುಮಂಡಲದ ವಿಷವು ಮೂತ್ರಪಿಂಡಗಳಿಗೆ ದಿಢೀರ್ ಹಾನಿ ಮಾಡಬಲ್ಲದು. ಅದು ಒಂದೆರಡು ದಿನಗಳ ಬಳಿಕ, ರೋಗಿಯನ್ನು ಮನೆಗೆ ಕಳುಹಿಸುವ ಮಾತು ನಡೆಯುತ್ತಿರುವಾಗ ಬಯಲಾಗುವುದೂ ಉಂಟು.

ರಕ್ತದಲ್ಲಿ ಕ್ರಿಯಾಟಿನಿನ್ (ಮೂತ್ರಪಿಂಡಗಳು ಸೋಸಿ ಹೊರಹಾಕುವ ತ್ಯಾಜ್ಯ) ಮಟ್ಟವು 48 ಗಂಟೆಗಳೊಳಗೆ ಪ್ರತಿ ಡೆಸಿಲೀಟರಿಗೆ 0.3 ಮಿಲಿಗ್ರಾಂ ಏರಿದರೂ ಅದನ್ನು ಮೂತ್ರಪಿಂಡದ ಹಾನಿಯೆಂದೇ ಪರಿಗಣಿಸುವುದರಿಂದ, ಮೊದಲ ದಿನದ ‘ನಾರ್ಮಲ್’ ವರದಿಯೊಂದನ್ನೇ ನಂಬಿ ಕೂರುವಂತಿಲ್ಲ. ಇನ್ನು, ಖರ್ಚೇ ಇಲ್ಲದ ಪರೀಕ್ಷೆಯೆಂದರೆ ಮೂತ್ರವನ್ನು ಅಳೆದು ಬರೆದಿಡುವುದು: 60 ಕಿಲೋ ತೂಕದವರಿಗೆ ಸತತ ಆರು ಗಂಟೆ ಕಾಲ ಗಂಟೆಗೆ 30 ಮಿಲಿಲೀಟರಿಗಿಂತ ಕಡಿಮೆ ಮೂತ್ರವಾದರೆ ಎಚ್ಚೆತ್ತುಕೊಳ್ಳಬೇಕು. ಈ ಕೆಲಸವೇ (ಬಹುಶಃ ತೀರಾ ಸರಳವೆಂಬ ಕಾರಣಕ್ಕೆ) ಹೆಚ್ಚು ಕಡೆಗಣನೆಗೆ ಒಳಗಾಗುತ್ತದೆ.

ನೋವಿಗೆಂದು ಮೂತ್ರಪಿಂಡಕ್ಕೆ ಹಾನಿಕರವಾಗಬಲ್ಲ ಡೈಕ್ಲೋಫಿನಾಕ್ ಚುಚ್ಚುವುದು, ಮೂತ್ರ ಬರಲಿಲ್ಲವೆಂದು ಬಾಟಲಿಯ ಮೇಲೆ ಬಾಟಲಿ ಡ್ರಿಪ್ ಏರಿಸಿ ಶ್ವಾಸಕೋಶದಲ್ಲಿ ನೀರು ತುಂಬಿಸುವುದು, ಎರಡೂ ಅಪಾಯಕಾರಿ. ಔಷಧಕ್ಕೆ ಬಗ್ಗದೆ ರಕ್ತದಲ್ಲಿ ಪೊಟ್ಯಾಸಿಯಂ ಏರುತ್ತಿದ್ದರೆ ಡಯಾಲಿಸಿಸ್ ಇರುವ ಆಸ್ಪತ್ರೆಗೆ ತಡಮಾಡದೆ ಕಳುಹಿಸಬೇಕು. ಬಿಡುಗಡೆ ಚೀಟಿಯಲ್ಲಿ ಮುಂದಿನ ಕ್ರಿಯಾಟಿನಿನ್ ಪರೀಕ್ಷೆಯ ದಿನಾಂಕವನ್ನು ನಮೂದಿಸುವುದನ್ನು ಆರೋಗ್ಯ ಇಲಾಖೆಯು ಕಡ್ಡಾಯಗೊಳಿಸಲಿ.

– ಓರ್ವ ವೈದ್ಯ, ತುಮಕೂರು ಜಿಲ್ಲೆ