ನನಗೆ ಉರ್ದು ಬರುತ್ತಿತ್ತಾ?

ಕಲಬುರಗಿ

ಪ್ರೀತಿಯ ಮಗಳಿಗೆ,

"ಅಪ್ಪಾ, ಈ ಎಐ ಕೇಳಿದ್ದಕ್ಕೆಲ್ಲ ಉತ್ತರ ಕೊಡ್ತದ. ಅದಕ್ಕ ಖರೇನೇ ತಿಳೀತದೇನು?" ಅಂತ ಮೊನ್ನೆ ಕೇಳಿದೆ. ಊಟಕ್ಕೆ ಕೂತಿದ್ದೆ, ನಿಮ್ಮವ್ವ ಕಣ್ಣು ಬಿಟ್ಟಳು, ಫೋನ್ ಇಟ್ಟೆ. ಈಗ ಹೇಳುತ್ತೇನೆ.

1948ರವರೆಗೆ ನಮ್ಮದು ನಿಜಾಮರ ರಾಜ್ಯ. ಕಚೇರಿ ಕಾಗದವೆಲ್ಲ ಉರ್ದು. ಮದುವೆಗೆ ಮುಂಚೆ ನಾನು ವಕೀಲರೊಬ್ಬರ ಹತ್ತಿರ ಗುಮಾಸ್ತನಾಗಿದ್ದಾಗ, ಹಳೇ ಹೊಲದ ಕಾಗದ ನಕಲು ಮಾಡುವ ಕೆಲಸ ನನ್ನದು. ಉರ್ದು ಒಂದಕ್ಷರ ಬರುತ್ತಿರಲಿಲ್ಲ. ರಂಗೋಲಿ ನೋಡಿ ರಂಗೋಲಿ ಹಾಕಿದ ಹಾಗೆ ಬಲದಿಂದ ಎಡಕ್ಕೆ ಬರೆಯುತ್ತಿದ್ದೆ. ಹಿರಿಯ ಮುನ್ಷಿಯೊಬ್ಬರು ನೋಡಿ, "ಉರ್ದು ಎಲ್ಲಿ ಕಲತಿಪ್ಪಾ?" ಅಂದರು. ಸುಮ್ನೆ ನಕ್ಕೆ.

ಅಮೆರಿಕದ ತತ್ವಜ್ಞಾನಿ ಜಾನ್ ಸರ್ಲ್ ಯಂತ್ರಗಳ ಬಗ್ಗೆ 1980ರಲ್ಲಿ ಹೇಳಿದ್ದು ಇದನ್ನೇ ಅಲ್ವಾ? ಒಬ್ಬನನ್ನು ಕೋಣೆಯಲ್ಲಿ ಕೂರಿಸಿ ಹೊರಗಿನಿಂದ ಚೀನೀ ಭಾಷೆಯ ಚೀಟಿ ಕೊಡುತ್ತಾರೆ ಅಂದುಕೋ. ಅವನಿಗೆ ಚೀನೀ ಬರುವುದಿಲ್ಲ. ಯಾವ ಗುರುತಿಗೆ ಯಾವ ಗುರುತು ಅಂತ ಪುಸ್ತಕ ನೋಡಿ ಚೀಟಿ ಹೊರಗೆ ಕೊಡುತ್ತಾನೆ. ಹೊರಗಿನವರು ಇವನು ಚೀನೀ ಪಂಡಿತ ಅಂದುಕೊಳ್ಳುತ್ತಾರೆ. ಅವನಿಗೆ ಏನೂ ತಿಳಿದಿಲ್ಲ, ಯಂತ್ರವೂ ಹಾಗೇ ಅನ್ನುತ್ತಾನೆ ಸರ್ಲ್. ಉತ್ತರ ಓದಿ ಮನುಷ್ಯನೋ ಯಂತ್ರವೋ ಹೇಳಲಾಗುತ್ತದಾ ನೋಡಿ ಅಂತ 1950ರಲ್ಲಿ ಇಂಗ್ಲೆಂಡಿನ ಗಣಿತಜ್ಞ ಟ್ಯೂರಿಂಗ್ ಒಂದು ಪರೀಕ್ಷೆ ಇಟ್ಟಿದ್ದ. ಮುನ್ಷಿಯ ಪರೀಕ್ಷೆಯಲ್ಲಿ ನಾನಂತೂ ಪಾಸು!

ಆದರೂ ಸರ್ಲ್ ಪೂರ್ತಿ ಸರಿ ಅನ್ನಲಾರೆ. ಒಂದು ಆಕಾರ ಪದೇ ಪದೇ ಬರುತ್ತಿತ್ತು. ಕನ್ನಡದ ಕಾಗದ ಪಕ್ಕದಲ್ಲಿಟ್ಟು ನೋಡನೋಡುತ್ತ ಹೊಳೆಯಿತು, ಅದು 'ವಲ್ದ್', ಅಂದರೆ ಇಂಥವರ ಮಗ. ಬಲಕ್ಕೆ ಮಗನ ಹೆಸರು, ಎಡಕ್ಕೆ ಅಪ್ಪನದು. ಅಷ್ಟು ಉರ್ದು ನನಗೆ ಬಂತು ಅನ್ನಬೇಕಾ? ಬಂದಿದ್ದರೆ ಯಾವ ದಿನ ಬಂತು?

ಒಮ್ಮೆ ಮಸಿ ಸಿಡಿದು 'ರಹೀಮ್' ಅನ್ನೋ ಹೆಸರಿನ ಹೊಟ್ಟೆಯಲ್ಲಿ ಚುಕ್ಕಿ ಬಿತ್ತು. ನನ್ನ ಕಣ್ಣಿಗೆ ಅದು ಬರೀ ಮಸಿ. ಓದುವವರಿಗೆ 'ರಜೀಮ್'. ರಹೀಮ್ ಅಂದರೆ ಕರುಣಾಳು, ರಜೀಮ್ ಅಂದರೆ ಶಾಪ ಹೊತ್ತವನು, ಸೈತಾನನಿಗೆ ಅನ್ನುವ ಮಾತು. ಆ ಹೆಸರಿನ ಮುದುಕ ನಕಲು ಹಿಡಿದು ಬಂದ. ಬೈಯಲಿಲ್ಲ. ಚುಕ್ಕಿಯ ಮೇಲೆ ಬೆರಳಿಟ್ಟು ನಿಂತ. ನನ್ನ ಕಿವಿ ಕಾದ ಹೆಂಚಾಯಿತು.

ಯಂತ್ರವೂ ತಪ್ಪಿದಾಗ "ಕ್ಷಮಿಸಿ" ಅನ್ನುತ್ತದೆ. ಆದರೆ ಆ ಮುದುಕ ಯಾರೆದುರು ಹೋಗಿ ಬೆರಳಿಡಬೇಕು? ಅದನ್ನು ಮಾಡಿದ ಕಂಪನಿಯೆದುರಾ, ನಂಬಿ ನಕಲು ಕೊಟ್ಟ ಗುಮಾಸ್ತನೆದುರಾ? ತಿಳಿಯುತ್ತದೋ ಇಲ್ಲವೋ ಅನ್ನುವುದಕ್ಕಿಂತ ನನಗೆ ಇದೇ ಜಾಸ್ತಿ ಕಾಡುತ್ತದೆ.

ನಿಮ್ಮ ಮುತ್ಯಾನ ಹೊಲದ ಕಾಗದದ ಫೋಟೋ ಕಳಿಸಿದ್ದೇನೆ. ನಿನ್ನ ಎಐ ಹತ್ತಿರ ಓದಿಸಿ ಬರೆದು ಕಳಿಸು. ಅದನ್ನು ಹಿಡಿದು ಮುನ್ಷಿಯವರ ಮಗನ ಮನೆಗೆ ಹೋಗಿ ಒಂದೊಂದೇ ಚುಕ್ಕಿ ನೋಡಿಸುತ್ತೇನೆ.

ನಿನ್ನ ಅಪ್ಪ