ಮೇ ದಿನದ ಪುಟದಲ್ಲಿ ಬಾರದ ಅಸ್ತ್ರ

ಮಾನ್ಯರೇ,

ಮೇ ದಿನ ಬಂತೆಂದರೆ ನಮ್ಮ ಪತ್ರಿಕೆಗಳಲ್ಲಿ 8 ಗಂಟೆ ದುಡಿಮೆಗಾಗಿ 1886ರಲ್ಲಿ ನಡೆದ ಶಿಕಾಗೊ ಮುಷ್ಕರ, ಅಲ್ಲಿನ ಹೇಮಾರ್ಕೆಟ್ ಚೌಕದ ಬಾಂಬು, ಆ ಪ್ರಕರಣದಲ್ಲಿ ಗಲ್ಲಿಗೇರಿದ ನಾಲ್ವರ ಪ್ರಸ್ತಾಪ ತಪ್ಪುವುದಿಲ್ಲ. ತಪ್ಪಲೂಬಾರದು. ಆದರೆ ಅಷ್ಟಕ್ಕೇ ನಿಲ್ಲಿಸಿದರೆ ಅಮೆರಿಕದ ಮಾಲೀಕರು ಕಾರ್ಮಿಕ ಸಂಘಗಳನ್ನು ಮುರಿದದ್ದು ಹೇಗೆಂದು ಓದುಗರಿಗೆ ತಿಳಿಯುವುದಿಲ್ಲ. ಬಂದೂಕು ಹಿಡಿಸಿದ್ದು ನಿಜ. 1892ರಲ್ಲಿ ಹೋಮ್‌ಸ್ಟೆಡ್ ಉಕ್ಕಿನ ಕಾರ್ಖಾನೆಗೆ ಅದರ ಆಡಳಿತ ನೋಡುತ್ತಿದ್ದ ಹೆನ್ರಿ ಫ್ರಿಕ್, ಪಿಂಕರ್ಟನ್ ಎಂಬ ಖಾಸಗಿ ಸಂಸ್ಥೆಯ ಸುಮಾರು 300 ಕಾವಲುಗಾರರನ್ನು ರಾತ್ರೋರಾತ್ರಿ ನದಿಯ ಮೇಲೆ ಕರೆಸಿದ. ಆದರೂ ಸಂಘಗಳಿಗೆ ಹೆಚ್ಚು ಕಾಲ ಕಾಡಿದ್ದು ಕೋರ್ಟಿನ ತಡೆಯಾಜ್ಞೆ.

1894ರ ಪುಲ್‌ಮನ್ ಮುಷ್ಕರವನ್ನೇ ನೋಡಿ. ರೈಲಿನ ಸ್ಲೀಪರ್ ಬೋಗಿ ಕಟ್ಟುತ್ತಿದ್ದ ಕಂಪನಿ ಕೂಲಿಯನ್ನು ಹೆಚ್ಚುಕಡಿಮೆ ಕಾಲುಭಾಗ ಇಳಿಸಿತು. ತನ್ನ ಕ್ವಾರ್ಟರ್ಸ್ ಬಾಡಿಗೆಯನ್ನು ಮಾತ್ರ ಇಳಿಸಲಿಲ್ಲ. ಯೂಜೀನ್ ಡೆಬ್ಸ್ ನಾಯಕತ್ವದ ರೈಲ್ವೆ ಯೂನಿಯನ್, ಪುಲ್‌ಮನ್ ಬೋಗಿಗಳನ್ನು ಮುಟ್ಟುವುದಿಲ್ಲ ಎಂದಿತು. ಅಂಚೆ ಒಯ್ಯುವ ರೈಲುಗಳಲ್ಲೂ ಆ ಬೋಗಿಗಳಿದ್ದವು. ಹೀಗಾಗಿ ಬಹಿಷ್ಕಾರವು ಸರ್ಕಾರಿ ಅಂಚೆಗೆ ಅಡ್ಡಿ ಎನಿಸಿಕೊಂಡಿತು. ಜುಲೈ 2ರಂದು ಫೆಡರಲ್ ಕೋರ್ಟ್ ತಡೆಯಾಜ್ಞೆ ಹೊರಡಿಸಿತು. ಸರ್ಕಾರ ಅದಕ್ಕೆ ಬಳಸಿದ್ದು ಉದ್ಯಮಿಗಳ ಏಕಸ್ವಾಮ್ಯ ಮುರಿಯಲೆಂದು 1890ರಲ್ಲಿ ಮಾಡಿದ್ದ ಷರ್ಮನ್ ಕಾಯ್ದೆಯನ್ನು! ಇದಕ್ಕಿಂತ ದೊಡ್ಡ ಅನ್ಯಾಯ ಯಾವುದು?

ಇಂಥ ಆಜ್ಞೆಯನ್ನು ಎದುರು ಪಕ್ಷದ ಮಾತು ಕೇಳದೆಯೂ ಪಡೆಯಬಹುದಿತ್ತು. ಪುಲ್‌ಮನ್ ಪ್ರಕರಣದಲ್ಲಿ ಕೆಲಸ ಬಿಡುವಂತೆ ನೌಕರರ ಮನವೊಲಿಸುವುದನ್ನೂ ನಿಷೇಧಿಸಲಾಗಿತ್ತು. ಮೀರಿದರೆ ನ್ಯಾಯಾಂಗ ನಿಂದನೆ. ಜ್ಯೂರಿ ಇಲ್ಲ, ನ್ಯಾಯಾಧೀಶರದ್ದೇ ತೀರ್ಮಾನ. ಮೇಲ್ಮನವಿಗೆ ತಿಂಗಳುಗಟ್ಟಲೆ ಬೇಕು, ಕೂಲಿಯಿಲ್ಲದ ಮುಷ್ಕರ ಅಷ್ಟು ದಿನ ಉಳಿಯದು. ಡೆಬ್ಸ್‌ಗೆ 6 ತಿಂಗಳ ಜೈಲಾಯಿತು. 1895ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು.

ಮುಂದೆ ಮಾಲೀಕರು ಇದಕ್ಕೆ ಇನ್ನೊಂದು ಕಾಗದ ಜೋಡಿಸಿದರು. ಕೆಲಸಕ್ಕೆ ಸೇರುವಾಗಲೇ 'ಸಂಘ ಸೇರುವುದಿಲ್ಲ' ಎಂದು ಬರೆಸಿಕೊಳ್ಳುವ ಕರಾರು ಅದು. ವೆಸ್ಟ್ ವರ್ಜೀನಿಯಾದ ಹಿಚ್‌ಮನ್ ಕಲ್ಲಿದ್ದಲು ಗಣಿಯ ಮೊಕದ್ದಮೆಯಲ್ಲಿ (1917) ಸುಪ್ರೀಂ ಕೋರ್ಟ್ ಈ ಕರಾರನ್ನು ಮಾನ್ಯ ಮಾಡಿತು. ಸಹಿ ಹಾಕಿದ ಗಣಿಗಾರರನ್ನು ಸಂಘಕ್ಕೆ ಸೆಳೆಯುವ ಸಂಘಟಕರ ಮೇಲೂ ತಡೆಯಾಜ್ಞೆ ತರುವ ದಾರಿ ತೆರೆಯಿತು.

1932ರ ನಾರಿಸ್–ಲಗಾರ್ಡಿಯಾ ಕಾಯ್ದೆ ಈ ಕರಾರುಗಳನ್ನು ಫೆಡರಲ್ ಕೋರ್ಟುಗಳಲ್ಲಿ ಅಸಿಂಧುಗೊಳಿಸಿತು, ಕಾರ್ಮಿಕ ವಿವಾದಗಳಲ್ಲಿ ತಡೆಯಾಜ್ಞೆಗೆ ಬಿಗಿಯಾದ ಮಿತಿ ಹಾಕಿತು. ಸಂಘದೊಡನೆ ಮಾತುಕತೆಗೆ ಕೂರದ ಮಾಲೀಕನನ್ನು ತಪ್ಪಿತಸ್ಥನನ್ನಾಗಿಸಿದ್ದು 1935ರ ವ್ಯಾಗ್ನರ್ ಕಾಯ್ದೆ. ಹೊಲದ ಕೂಲಿಗಳನ್ನೂ ಮನೆಗೆಲಸದವರನ್ನೂ ಅದು ಹೊರಗಿಟ್ಟಿತು ಎನ್ನುವುದನ್ನು ಮರೆಯಬಾರದು. ಮುಂದಿನ ಮೇ ದಿನದ ಪುಟದಲ್ಲಿ 1886ರ ಪಕ್ಕ ಈ ಎರಡು ವರ್ಷಗಳಿಗೂ ಜಾಗ ಕೊಡಬೇಕೆಂದು ಸಂಪಾದಕರಲ್ಲಿ ವಿನಂತಿ.

— ಕಾರ್ಮಿಕ ಇತಿಹಾಸದ ಓದುಗ, ದಾವಣಗೆರೆ